ಸಭೆಯ ಮಾತು, ಪಾಲಕನ ಪಾಠ: ಕಾಂಗ್ರಿಗೇಷನಲ್ ಸಭಾಡಳಿತದ ಪಠ್ಯಗಳನ್ನು ಕುರಿತು

೧

ವಿಲಿಯಂ ಟಿಂಡೇಲ್ ೧೫೨೬ರಲ್ಲಿ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ‘ಎಕ್ಲೀಸಿಯಾ’ ಎಂಬ ಗ್ರೀಕ್ ಪದಕ್ಕೆ ರೂಢಿಯಲ್ಲಿದ್ದ ‘ಚರ್ಚ್’ ಎಂಬುದನ್ನು ಬಿಟ್ಟು ‘ಕಾಂಗ್ರಿಗೇಷನ್’ ಎಂಬುದನ್ನು ಬಳಸಿದ. ಥಾಮಸ್ ಮೋರ್ ೧೫೨೯ರ ತನ್ನ ಸಂವಾದಗ್ರಂಥದಲ್ಲಿ ಈ ಆಯ್ಕೆಯನ್ನು ಕಟುವಾಗಿ ಖಂಡಿಸಿದ. ೧೬೦೪ರಲ್ಲಿ ಜೇಮ್ಸ್ ದೊರೆಯ ಆಜ್ಞೆಯಂತೆ ಹೊಸ ಭಾಷಾಂತರಕ್ಕೆ ಸಿದ್ಧತೆ ನಡೆದಾಗ, ಅನುವಾದಕರಿಗೆ ಕೊಟ್ಟ ನಿಯಮಗಳಲ್ಲೊಂದು ಈ ಪದವನ್ನೇ ಕುರಿತದ್ದಾಗಿತ್ತು: ಹಳೆಯ ಧಾರ್ಮಿಕ ಪದಗಳನ್ನು ಉಳಿಸಿಕೊಳ್ಳಬೇಕು, ‘ಚರ್ಚ್’ ಇರುವಲ್ಲಿ ‘ಕಾಂಗ್ರಿಗೇಷನ್’ ಬರಕೂಡದು. ಒಂದು ಪದದ ಮೇಲೆ ಅರಸೊತ್ತಿಗೆ ಇಷ್ಟು ಎಚ್ಚರ ವಹಿಸಿದ್ದಕ್ಕೆ ಕಾರಣ ಸ್ಪಷ್ಟ. ‘ಚರ್ಚ್’ ಎಂದರೆ ಬಿಷಪ್, ನ್ಯಾಯಾಲಯ, ಆಸ್ತಿ, ಕಟ್ಟಡ ಎಲ್ಲವೂ ಸೇರಿದ ವ್ಯವಸ್ಥೆ. ‘ಕಾಂಗ್ರಿಗೇಷನ್’ ಎಂದರೆ ಕೂಡಿ ಕುಳಿತ ಜನ. ಆ ಜನರೇ ಚರ್ಚ್ ಎನ್ನುವುದಾದರೆ ಅಧಿಕಾರದ ಮೂಲವೇ ಬದಲಾಗುತ್ತದೆ.

ಗಡಿಭಾಗದ ಭಾಷೆಗಳನ್ನು ಬಲ್ಲ ಓದುಗರಿಗೆ ಇಲ್ಲಿ ಒಂದು ಕುತೂಹಲಕರ ಸಂಗತಿ ಹೊಳೆಯಬಹುದು. ಇಂದು ಬಳಕೆಯಲ್ಲಿರುವ ಕನ್ನಡ ಬೈಬಲಿನಲ್ಲಿ ಇದೇ ಗ್ರೀಕ್ ಪದಕ್ಕೆ ‘ಸಭೆ’ ಎಂದಿದೆ. ಮಲಯಾಳದಲ್ಲಿ ‘ಸಭ’, ತಮಿಳಿನಲ್ಲಿ ‘ಸಬೈ’, ತೆಲುಗಿನಲ್ಲಿ ‘ಸಂಘಮು’, ಮರಾಠಿಯಲ್ಲಿ ‘ಮಂಡಳಿ’. ಪೋರ್ಚುಗೀಸಿನಿಂದ ಬಂದ ಕೊಂಕಣಿಯ ‘ಇಗರ್ಜ್’ ಒಂದನ್ನು ಹೊರತುಪಡಿಸಿದರೆ, ನಮ್ಮ ಸುತ್ತಲಿನ ಭಾಷೆಗಳೆಲ್ಲ ಇಂಗ್ಲೆಂಡಿನ ದೊರೆ ನಿಷೇಧಿಸಿದ ಅರ್ಥವನ್ನೇ ಆರಿಸಿಕೊಂಡಿವೆ. ಅಂದರೆ ಕಾಂಗ್ರಿಗೇಷನಲ್ ಪರಂಪರೆ ಇಂಗ್ಲಿಷಿನಲ್ಲಿ ಹೋರಾಡಿ ಪಡೆಯಬೇಕಾದ ಪದ ಇಲ್ಲಿ ಹೋರಾಟವಿಲ್ಲದೆ ದೊರಕಿತು. ಪದ ದೊರಕಿದಷ್ಟು ಸುಲಭವಾಗಿ ಅಧಿಕಾರವೂ ದೊರಕಿತೇ ಎಂಬುದು ಬೇರೆ ಪ್ರಶ್ನೆ. ಅದನ್ನು ಲೇಖನದ ಕೊನೆಯ ಭಾಗದಲ್ಲಿ ಎತ್ತಿಕೊಳ್ಳುತ್ತೇನೆ.

ಪ್ರಸ್ತುತ ಲೇಖನದ ವಸ್ತು ಈ ಪರಂಪರೆಯ ಸಭಾಪಾಲಕರ ಶಿಕ್ಷಣ; ಅದರಲ್ಲೂ ಸಭಾಚರಿತ್ರೆ ಮತ್ತು ಸಭಾಡಳಿತವನ್ನು ಅವರಿಗೆ ಕಲಿಸಲು ಬಳಕೆಯಾದ ಪಠ್ಯಗಳು. ಈ ಶಿಕ್ಷಣದ ಒಳಗೇ ಒಂದು ವಿರೋಧಾಭಾಸವಿದೆ. ಪಾಲಕನ ಅಧಿಕಾರ ಅವನನ್ನು ಆರಿಸಿದ ಸಭೆಯಿಂದ ಬರುತ್ತದೆ ಎನ್ನುವ ಪರಂಪರೆಯೊಂದು, ಆ ಸಭೆಗಿಂತ ಹೆಚ್ಚು ತಿಳಿದವನಾಗಿ ಅವನನ್ನು ತಯಾರುಮಾಡುವ ವಿದ್ಯಾಲಯಗಳನ್ನೂ ಕಟ್ಟುತ್ತ ಬಂದಿದೆ. ನನ್ನ ವಾದವಿಷ್ಟು: ಈ ಶಿಕ್ಷಣ ಬಹುಮಟ್ಟಿಗೆ ಪಾಲಕರ ಚರಿತ್ರೆಯನ್ನು ಕಲಿಸಿದೆ, ಸಭೆಯ ಚರಿತ್ರೆಯನ್ನು ಕಲಿಸಿಲ್ಲ, ಮತ್ತು ಸಭೆಯ ಭಾಷೆ ಪಾಠದ ಭಾಷೆಯಾಗದ ಕಡೆ ಸ್ವಯಮಾಡಳಿತ ಕಾಗದದ ಮೇಲೆ ಉಳಿಯುತ್ತದೆ.

೨

ಪರಂಪರೆಯ ಮೂಲಕಲ್ಪನೆಯನ್ನು ಒಂದು ಘಟನೆಯಿಂದ ತಿಳಿಯಬಹುದು. ೧೬೨೯ರಲ್ಲಿ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿ ಸ್ಯಾಮ್ಯುಯೆಲ್ ಸ್ಕೆಲ್ಟನ್ ಮತ್ತು ಫ್ರಾನ್ಸಿಸ್ ಹಿಗಿನ್ಸನ್ ಎಂಬಿಬ್ಬರನ್ನು ಸಭೆ ಲಿಖಿತ ಮತದಿಂದ ಆರಿಸಿತು. ಇಬ್ಬರೂ ಇಂಗ್ಲೆಂಡಿನ ಚರ್ಚಿನಲ್ಲಿ ಆಗಲೇ ದೀಕ್ಷೆ ಪಡೆದವರು. ಆದರೂ ಆ ದೀಕ್ಷೆ ಇಲ್ಲಿ ಸಾಲದಾಯಿತು. ಸಭೆಯವರು ಆರಿಸಿ, ತಲೆಯ ಮೇಲೆ ಕೈಯಿಟ್ಟ ಮೇಲೆಯೇ ಅವರು ಸೇಲಂನ ಪಾಲಕ ಮತ್ತು ಬೋಧಕರಾದರು.

ಈ ಆಚರಣೆಗೆ ಶಾಸ್ತ್ರರೂಪ ಕೊಟ್ಟದ್ದು ೧೬೪೮ರ ಕೇಂಬ್ರಿಜ್ ಪ್ಲಾಟ್‌ಫಾರ್ಮ್. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಸೇರಿದ ಸಿನೊಡ್ ಒಪ್ಪಿದ, ಬಹುಪಾಲು ರಿಚರ್ಡ್ ಮೇದರ್ ರಚಿಸಿದ ಈ ಪಠ್ಯದ ಒಂಬತ್ತನೆಯ ಅಧ್ಯಾಯದ ಪ್ರಕಾರ ದೀಕ್ಷೆ ಎಂಬುದು ಚುನಾವಣೆಯಿಂದ ಈಗಾಗಲೇ ಹಕ್ಕು ಪಡೆದವನನ್ನು ಅವನ ಸ್ಥಾನದಲ್ಲಿ ಕೂರಿಸುವ ವಿಧಿ, ಅಷ್ಟೆ. ಹಿರಿಯರಿಲ್ಲದ ಸಭೆಯಲ್ಲಿ ಸಾಮಾನ್ಯ ಸದಸ್ಯರೇ ಕೈಯಿಟ್ಟು ದೀಕ್ಷೆ ಕೊಡಬಹುದು. ಸಭೆಯ ಸಂಬಂಧ ಕಡಿದುಹೋದರೆ ಪಾಲಕನ ಹುದ್ದೆಯೂ ಹೋಗುತ್ತದೆ. ಹತ್ತನೆಯ ಅಧ್ಯಾಯ ಸಭಾಡಳಿತವನ್ನು ಮಿಶ್ರ ಪ್ರಭುತ್ವವೆಂದು ಬಣ್ಣಿಸುತ್ತದೆ: ಕ್ರಿಸ್ತನ ದೃಷ್ಟಿಯಿಂದ ರಾಜಪ್ರಭುತ್ವ, ಸಹೋದರವರ್ಗದ ದೃಷ್ಟಿಯಿಂದ ಪ್ರಜಾಪ್ರಭುತ್ವ, ಹಿರಿಯರ ದೃಷ್ಟಿಯಿಂದ ಶಿಷ್ಟಪ್ರಭುತ್ವ. ಸಭೆಸಭೆಗಳ ನಡುವೆ ಅಧೀನತೆಯಿಲ್ಲ. ಹದಿನೈದನೆಯ ಅಧ್ಯಾಯ ಹೇಳುವ ಪರಸ್ಪರ ಕಾಳಜಿ, ಸಮಾಲೋಚನೆ, ಬುದ್ಧಿವಾದ, ಸಹಭಾಗ, ಶಿಫಾರಸು ಮತ್ತು ನೆರವು ಎಂಬ ಆರು ಬಗೆಯ ಒಡನಾಟ ಮಾತ್ರ ಇದೆ.

ಈ ಪಠ್ಯವನ್ನು ಕಾನೂನಿನ ಪುಸ್ತಕದಂತೆ ಓದುವ ವಿದ್ಯಾರ್ಥಿಗೆ ಇದು ಸುಸಂಗತವಾಗಿಯೇ ಕಾಣುತ್ತದೆ. ಸಾಹಿತ್ಯಪಠ್ಯದಂತೆ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳುತ್ತ ಓದಿದರೆ ಬಿರುಕುಗಳು ಗೋಚರಿಸುತ್ತವೆ. ಜನರ ಹಕ್ಕನ್ನು ಹೇಳುವ ಇದೇ ಪಠ್ಯ ಹದಿನೇಳನೆಯ ಅಧ್ಯಾಯದಲ್ಲಿ ಪಾಷಂಡವಾದ, ದೈವನಿಂದೆಗಳನ್ನು ದಂಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಒಪ್ಪಿಸುತ್ತದೆ. ಇತರ ಸಭೆಗಳೊಡನೆ ಸಂಬಂಧ ಕಡಿದುಕೊಂಡ ಸಭೆಯ ಮೇಲೆ ಬಲಪ್ರಯೋಗಕ್ಕೂ ಅವಕಾಶ ಕೊಡುತ್ತದೆ. ಹತ್ತು ವರ್ಷಗಳ ಅನಂತರ, ೧೬೫೮ರಲ್ಲಿ ಲಂಡನ್ನಿನ ಸವಾಯ್ ಅರಮನೆಯಲ್ಲಿ ಸೇರಿದ ಇಂಗ್ಲಿಷ್ ಸಭೆಗಳ ಪ್ರತಿನಿಧಿಗಳು ಈ ವಿಷಯದಲ್ಲಿ ಹಿಂದೆ ಸರಿದರು. ಮೂಲತತ್ತ್ವವನ್ನು ಒಪ್ಪಿದವರ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಸರ್ಕಾರಕ್ಕೆ ಕೈಹಾಕುವ ಅಧಿಕಾರವಿಲ್ಲ ಎಂದರು. ಅಧಿಕಾರದ ನೆರಳಲ್ಲಿದ್ದವರ ಪಠ್ಯಕ್ಕೂ ಅಧಿಕಾರ ಯಾವಾಗ ಕೈಬಿಟ್ಟೀತೋ ಎಂದು ಬಲ್ಲವರ ಪಠ್ಯಕ್ಕೂ ಇರುವ ಅಂತರವಿದು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿಸದೆ ‘ನಮ್ಮ ಮೂಲ ದಾಖಲೆಗಳು’ ಎಂದು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಚರಿತ್ರೆಯನ್ನು ಸಪಾಟುಗೊಳಿಸುತ್ತದೆ.

೩

ಈ ಸಾಲನ್ನು ತಲೆಮಾರುಗಳ ವಿದ್ಯಾರ್ಥಿಗಳಿಗೆ ಒದಗಿಸಿದ ಗ್ರಂಥ ವಿಲಿಸ್ಟನ್ ವಾಕರ್ ೧೮೯೩ರಲ್ಲಿ ಸಂಪಾದಿಸಿದ ‘ದಿ ಕ್ರೀಡ್ಸ್ ಅಂಡ್ ಪ್ಲಾಟ್‌ಫಾರ್ಮ್ಸ್ ಆಫ್ ಕಾಂಗ್ರಿಗೇಷನಲಿಸಂ’. ಹಾರ್ಟ್‌ಫರ್ಡ್ ಸೆಮಿನರಿಯಲ್ಲೂ ಮುಂದೆ ಯೇಲ್‌ನಲ್ಲೂ ಅಧ್ಯಾಪಕನಾಗಿದ್ದ ವಾಕರ್ ೧೫೮೨ರ ರಾಬರ್ಟ್ ಬ್ರೌನ್‌ನಿಂದ ಹಿಡಿದು ೧೮೮೩ರ ವಿಶ್ವಾಸಸೂತ್ರದವರೆಗೆ ಮುಖ್ಯ ದಾಖಲೆಗಳನ್ನು ಪೀಠಿಕೆ, ಟಿಪ್ಪಣಿಗಳೊಂದಿಗೆ ಕೊಟ್ಟಿದ್ದಾನೆ. ಸಂಪಾದನೆಯ ಶಿಸ್ತಿನಲ್ಲಿ ಅದಕ್ಕೆ ಸಾಟಿಯಾದುದು ಕಡಿಮೆ. ದಾಖಲೆಗಳ ಹಿಂದಿನ ಜಗಳಗಳನ್ನೂ ವಾಕರ್ ಮುಚ್ಚಿಡುವುದಿಲ್ಲ. ೧೬೬೨ರ ಅರೆ ಒಡಂಬಡಿಕೆಯ ವಿವಾದವನ್ನು, ಅಂದರೆ ಸ್ವಂತ ವಿಶ್ವಾಸಾನುಭವವನ್ನು ನಿರೂಪಿಸಲಾಗದ ಸದಸ್ಯರ ಮಕ್ಕಳಿಗೂ ದೀಕ್ಷಾಸ್ನಾನ ಕೊಡಬಹುದೇ ಎಂಬುದನ್ನು, ಅವನು ವಿಸ್ತಾರವಾಗಿ ವಿವರಿಸುತ್ತಾನೆ.

ಆದರೂ ಸಂಕಲನವೆಂಬ ಪ್ರಕಾರಕ್ಕೇ ಒಂದು ಒಲವಿದೆ. ಸಿನೊಡ್ ಒಪ್ಪಿದ್ದು ದಾಖಲೆಯಾಗುತ್ತದೆ, ಒಪ್ಪದವರ ಮಾತು ಪೀಠಿಕೆಯಾಗುತ್ತದೆ. ೧೭೦೫ರಲ್ಲಿ ಮ್ಯಾಸಚೂಸೆಟ್ಸ್‌ನ ಕೆಲವು ಪಾಲಕರು ಸಭೆಗಳ ಮೇಲೆ ಪಾಲಕರ ಸಂಘಗಳ ನಿಗಾ ಹೆಚ್ಚಿಸುವ ಪ್ರಸ್ತಾಪಗಳನ್ನು ತಂದರು. ೧೭೦೮ರಲ್ಲಿ ಕನೆಕ್ಟಿಕಟ್ ಸೇಬ್ರುಕ್ ಪ್ಲಾಟ್‌ಫಾರ್ಮ್ ಮೂಲಕ ಅದೇ ಹಾದಿ ಹಿಡಿಯಿತು. ವಾಕರನ ಗ್ರಂಥದಲ್ಲಿ ಇವೆರಡಕ್ಕೂ ಸ್ಥಾನವಿದೆ. ಇವುಗಳ ವಿರುದ್ಧ ನಿಂತ ಇಪ್ಸ್‌ವಿಚ್‌ನ ಪಾಲಕ ಜಾನ್ ವೈಸ್‌ನ ಕೃತಿಗಳಿಗೆ ಪ್ರತ್ಯೇಕ ಅಧ್ಯಾಯವಿಲ್ಲ. ಜನರ ಒಪ್ಪಿಗೆಯಿಂದ ನಡೆಯುವ ಆಡಳಿತವೇ ಮನುಷ್ಯರ ಸಹಜ ವಿವೇಕಕ್ಕೆ ಹತ್ತಿರವಾದದ್ದು ಎಂದು ೧೭೧೭ರಲ್ಲಿ ವಾದಿಸಿದ ವೈಸ್‌ನ ಪುಸ್ತಕಗಳು ೧೭೭೨ರಲ್ಲಿ, ಅಮೆರಿಕದ ಕ್ರಾಂತಿಯ ಹೊಸ್ತಿಲಲ್ಲಿ, ಬಾಸ್ಟನ್ನಿನಲ್ಲಿ ಮರುಮುದ್ರಣಗೊಂಡವು. ಯಾವ ಸಿನೊಡ್ ಕೂಡ ಅಂಗೀಕರಿಸದ ಕಾರಣ ಪರಂಪರೆಯ ಅತ್ಯಂತ ಪ್ರಭಾವಿ ವಾದಗಳಲ್ಲೊಂದು ಅದರ ದಾಖಲೆಗಳ ಸಾಲಿನಿಂದ ಹೊರಗುಳಿಯುತ್ತದೆ.

ಇನ್ನೂ ದೊಡ್ಡ ಕೊರತೆ ಪ್ರಕಾರಕ್ಕೇ ಸಂಬಂಧಿಸಿದ್ದು. ಸಭೆ ತನ್ನ ಬಗ್ಗೆ ತಾನೇ ಬರೆದುಕೊಂಡದ್ದು ಘೋಷಣೆಗಳಲ್ಲಿ ಅಲ್ಲ, ಸಭಾಪುಸ್ತಕಗಳಲ್ಲಿ. ಯಾರನ್ನು ಸೇರಿಸಿಕೊಂಡರು, ಯಾರನ್ನು ಎಚ್ಚರಿಸಿದರು, ಯಾವ ಜಗಳ ಎಷ್ಟು ಬೈಠಕ್ಕುಗಳವರೆಗೆ ಎಳೆಯಿತು, ಪಾಲಕನ ಸಂಬಳ ಏಕೆ ಬಾಕಿ ಉಳಿಯಿತು ಎಂಬುದೆಲ್ಲ ಅಲ್ಲಿದೆ. ಜೇಮ್ಸ್ ಎಫ್. ಕೂಪರ್ ೧೯೯೯ರ ‘ಟೆನೇಷಿಯಸ್ ಆಫ್ ದೇರ್ ಲಿಬರ್ಟೀಸ್’ ಎಂಬ ಗ್ರಂಥದಲ್ಲಿ ಇಂಥ ದಾಖಲೆಗಳನ್ನೇ ಆಧರಿಸಿ, ವಸಾಹತುಕಾಲದ ಮ್ಯಾಸಚೂಸೆಟ್ಸ್‌ನಲ್ಲಿ ಸಾಮಾನ್ಯ ಸದಸ್ಯರು ಸಭಾಡಳಿತದ ನಿಯಮಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು, ಪಾಲಕರನ್ನು ಆ ನಿಯಮಗಳಿಗೆ ಕಟ್ಟಿಹಾಕುತ್ತಿದ್ದರು ಎಂದು ತೋರಿಸಿದರು. ಬಾಸ್ಟನ್ನಿನ ಕಾಂಗ್ರಿಗೇಷನಲ್ ಗ್ರಂಥಾಲಯ ಇಂಥ ಹಳೆಯ ಸಭಾಪುಸ್ತಕಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿರುವುದರಿಂದ, ಇವು ತರಗತಿಗೆ ಸಿಗುವುದಿಲ್ಲ ಎಂಬ ನೆಪವೂ ಈಗ ಉಳಿದಿಲ್ಲ.

೪

ಪಾಲಕಕೇಂದ್ರಿತ ಚರಿತ್ರೆ ಘಟನೆಗಳ ಅರ್ಥವನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಜೊನಾಥನ್ ಎಡ್ವರ್ಡ್ಸ್‌ನ ಪ್ರಸಂಗ ಸಾಕು. ಪ್ರಭುಭೋಜನಕ್ಕೆ ಯಾರು ಅರ್ಹರು ಎಂಬ ವಿವಾದದಲ್ಲಿ ಮ್ಯಾಸಚೂಸೆಟ್ಸ್‌ನ ನಾರ್ಥಾಂಪ್ಟನ್ ಸಭೆ ೧೭೫೦ರಲ್ಲಿ ಅವನನ್ನು ಭಾರಿ ಬಹುಮತದಿಂದ ಬಿಡುಗಡೆ ಮಾಡಿತು. ಚರಿತ್ರೆಯ ತರಗತಿಯಲ್ಲಿ ಇದು ಮಹಾಪ್ರತಿಭೆಯೊಂದನ್ನು ಊರು ಹೊರಹಾಕಿದ ದುರಂತಕಥೆ. ಆಡಳಿತದ ತರಗತಿಯಲ್ಲಿ ಇದೇ ಘಟನೆ, ಆರಿಸುವ ಹಕ್ಕಿರುವವರಿಗೆ ಬಿಡುವ ಹಕ್ಕೂ ಉಂಟು ಎಂಬ ೧೬೪೮ರ ತತ್ತ್ವ ಕೆಲಸ ಮಾಡಿದ ಉದಾಹರಣೆ. ಸಭೆ ಸರಿಯಾದ ತೀರ್ಮಾನವನ್ನೇ ಮಾಡಿತೆಂದು ನಾನು ಹೇಳುತ್ತಿಲ್ಲ. ಎರಡು ತರಗತಿಗಳು ಪರಸ್ಪರ ಮಾತಾಡದಿದ್ದರೆ ವಿದ್ಯಾರ್ಥಿ ತತ್ತ್ವವನ್ನು ಕಂಠಪಾಠ ಮಾಡಿ, ಅದರ ಪರಿಣಾಮವನ್ನು ಅನ್ಯಾಯವೆಂದು ಕಲಿಯುತ್ತಾನೆ.

ಬಹುಮತ ನ್ಯಾಯವಾಗಿರಲೇಬೇಕೆಂದಿಲ್ಲ ಎಂಬುದಕ್ಕೂ ಈ ಪರಂಪರೆಯಲ್ಲೇ ಸಾಕ್ಷ್ಯಗಳಿವೆ. ೧೭೮೫ರಲ್ಲಿ ದೀಕ್ಷೆ ಪಡೆದ ಲೆಮ್ಯುಯೆಲ್ ಹೇನ್ಸ್ ಆಫ್ರಿಕನ್ ಮೂಲದವನು; ಕಾಲೇಜಿಗೆ ಹೋಗದೆ ಪಾಲಕರ ಬಳಿ ಗ್ರೀಕ್, ಲ್ಯಾಟಿನ್ ಕಲಿತವನು. ವರ್ಮಾಂಟಿನ ರಟ್ಲಂಡ್‌ನಲ್ಲಿ ಬಹುತೇಕ ಬಿಳಿಯರೇ ಇದ್ದ ಸಭೆ ಅವನನ್ನು ಆರಿಸಿ ಮೂವತ್ತು ವರ್ಷ ಉಳಿಸಿಕೊಂಡಿತು. ೧೮೧೮ರಲ್ಲಿ ಬಿಡುಗಡೆಯನ್ನೂ ಮಾಡಿತು. ‘ಸಹೋದರವರ್ಗ’ ಎಂಬ ೧೬೪೮ರ ಪದದೊಳಗೆ ಮತದ ಹಕ್ಕು ಪುರುಷರದೇ ಆಗಿತ್ತು, ನ್ಯೂ ಇಂಗ್ಲೆಂಡಿನ ಸಭೆಗಳಲ್ಲಿ ಕಾಲಕ್ರಮದಲ್ಲಿ ಮಹಿಳೆಯರೇ ಹೆಚ್ಚಿನ ಸಂಖ್ಯೆಯಲ್ಲಿದ್ದರೂ. ‘ಸಭೆ ಎಂದರೆ ಯಾರು’ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಡೆಡಂ ಎಂಬ ಊರಿನಲ್ಲಿ ಪಾಲಕನ ಆಯ್ಕೆಯ ವಿಷಯವಾಗಿ ತೆರಿಗೆ ಕಟ್ಟುವ ಪ್ಯಾರಿಷ್ ಒಂದು ಕಡೆ, ಒಡಂಬಡಿಕೆಗೆ ಸಹಿ ಮಾಡಿದ ಸದಸ್ಯರಲ್ಲಿ ಹೆಚ್ಚಿನವರು ಇನ್ನೊಂದು ಕಡೆ ನಿಂತರು. ೧೮೨೦ರಲ್ಲಿ ಮ್ಯಾಸಚೂಸೆಟ್ಸ್‌ನ ಉಚ್ಚ ನ್ಯಾಯಾಲಯ ಪ್ಯಾರಿಷ್‌ನ ಪರ ನಿಂತಿತು; ಹೊರನಡೆದ ಸದಸ್ಯರು ಆಸ್ತಿಯನ್ನು ಕಳೆದುಕೊಂಡರು.

ಇಂಥ ಹಿನ್ನೆಲೆಯಲ್ಲಿ ಆಂಟ್ವನೆಟ್ ಬ್ರೌನ್‌ಳ ಪ್ರಸಂಗಕ್ಕೆ ಪೂರ್ಣ ಅರ್ಥ ಬರುತ್ತದೆ. ಅವಳು ಓಬರ್ಲಿನ್‌ನಲ್ಲಿ ದೇವತಾಶಾಸ್ತ್ರದ ವ್ಯಾಸಂಗವನ್ನು ೧೮೫೦ರಲ್ಲಿ ಮುಗಿಸಿದಳು. ಸಂಸ್ಥೆ ಪದವಿ ಕೊಡಲಿಲ್ಲ. ೧೮೫೩ರಲ್ಲಿ ನ್ಯೂಯಾರ್ಕ್ ಪ್ರಾಂತದ ಸೌತ್ ಬಟ್ಲರ್ ಎಂಬ ಪುಟ್ಟ ಊರಿನ ಕಾಂಗ್ರಿಗೇಷನಲ್ ಸಭೆ ಅವಳನ್ನು ಕರೆದು ದೀಕ್ಷೆ ನೀಡಿತು. ವಿದ್ಯಾಲಯ ಬಾಗಿಲು ಹಾಕಿದ ಕಡೆ ಸಭೆ ಬಾಗಿಲು ತೆರೆಯಿತು. ಹಾಗೆ ತೆರೆಯಲು ಯಾವ ಬಿಷಪ್‌ನ ಅಪ್ಪಣೆಯೂ ಬೇಕಾಗಲಿಲ್ಲ. ಸಭಾಡಳಿತದ ತತ್ತ್ವ ವಿದ್ಯಾಲಯಕ್ಕಿಂತ ಮುಂದೆ ಹೋಗಬಲ್ಲದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ಇದನ್ನು ‘ಮಹಿಳೆಯರ ಕೊಡುಗೆ’ ಎಂಬ ಅನುಬಂಧಕ್ಕೆ ತಳ್ಳದೆ ಒಂಬತ್ತನೆಯ ಅಧ್ಯಾಯದ ವ್ಯಾಖ್ಯಾನವಾಗಿ ಕಲಿಸಬೇಕು.

೫

ವಿದ್ಯಾಲಯಗಳೆಲ್ಲ ಒಂದೇ ಬಗೆಯವಲ್ಲ. ೧೬೬೨ರ ಏಕರೂಪತಾ ಕಾಯ್ದೆ ಸುಮಾರು ೨,೦೦೦ ಪಾಲಕರನ್ನು ಇಂಗ್ಲೆಂಡಿನ ಚರ್ಚಿನಿಂದ ಹೊರಹಾಕಿದ ಮೇಲೆ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ಗಳ ಪದವಿ ಭಿನ್ನಮತೀಯರಿಗೆ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ನಿಲುಕಲಿಲ್ಲ. ಅವರು ಕಟ್ಟಿಕೊಂಡ ಅಕಾಡೆಮಿಗಳಲ್ಲಿ ಹೆಸರಾದದ್ದು ಇಂಗ್ಲೆಂಡಿನ ನಾರ್ಥಾಂಪ್ಟನ್‌ನಲ್ಲಿ ಫಿಲಿಪ್ ಡಾಡ್ರಿಜ್ ೧೭೨೯ರಿಂದ ೧೭೫೧ರವರೆಗೆ ನಡೆಸಿದ ಅಕಾಡೆಮಿ. ಅವನ ಪಾಠಗಳಲ್ಲಿ ಎರಡು ವಿಶೇಷಗಳು ಗಮನಾರ್ಹ. ಒಂದು, ವಿಶ್ವವಿದ್ಯಾಲಯಗಳ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಅವನು ಇಂಗ್ಲಿಷಿನಲ್ಲಿ ಬೋಧಿಸಿದ. ಎರಡು, ಪ್ರತಿ ಪ್ರಶ್ನೆಗೂ ಪರವಿರೋಧ ವಾದಗಳೆರಡನ್ನೂ ಗ್ರಂಥಸೂಚನೆಗಳೊಂದಿಗೆ ಮುಂದಿಟ್ಟ. ಪಾಠದ ಭಾಷೆ ಸಭೆಯ ಭಾಷೆಯಾದುದಕ್ಕೂ ಪಾಠದ ರೀತಿ ಚರ್ಚೆಯ ರೀತಿಯಾದುದಕ್ಕೂ ಸಂಬಂಧವಿದೆ ಎಂದು ನನ್ನ ಅನಿಸಿಕೆ. ನಾಳೆ ಸಾಮಾನ್ಯ ಜನರ ಮುಂದೆ ವಾದಿಸಿ ಒಪ್ಪಿಸಬೇಕಾದವನು ಇಂದು ಆ ಭಾಷೆಯಲ್ಲೇ ಎರಡು ಪಕ್ಷಗಳನ್ನು ತೂಗಲು ಕಲಿಯಬೇಕು.

೧೮೦೮ರಲ್ಲಿ ಪಾಠ ಆರಂಭಿಸಿದ ಮ್ಯಾಸಚೂಸೆಟ್ಸ್‌ನ ಆಂಡೋವರ್ ಸೆಮಿನರಿ ಇದಕ್ಕೆ ವಿರುದ್ಧವಾದ ಮಾದರಿ. ಅಲ್ಲಿನ ಅಧ್ಯಾಪಕರು ನಿಗದಿತ ವಿಶ್ವಾಸಸೂತ್ರಕ್ಕೆ ಒಪ್ಪಿಗೆ ಸೂಚಿಸಬೇಕಿತ್ತು; ಐದು ವರ್ಷಕ್ಕೊಮ್ಮೆ ಅದನ್ನು ಪುನರುಚ್ಚರಿಸಬೇಕಿತ್ತು. ಪ್ರತಿ ಸಭೆಯೂ ತನ್ನ ಒಡಂಬಡಿಕೆಯನ್ನು ತಾನೇ ಬರೆದುಕೊಳ್ಳಬಹುದೆಂದು ನಂಬುವ ಪರಂಪರೆಯೊಳಗೆ ಯಾವ ಸಭೆಯೂ ಮತ ಹಾಕದ ಸೂತ್ರವೊಂದು ಪಾಲಕರ ಶಿಕ್ಷಕರನ್ನು ಆಳಿತು. ವಿದ್ವತ್ತಿನ ದೃಷ್ಟಿಯಿಂದ ಆಂಡೋವರ್‌ನ ಸಾಧನೆ ದೊಡ್ಡದು. ಆದರೆ ಆಡಳಿತವನ್ನು ಕಲಿಸುವ ಸಂಸ್ಥೆ ತನ್ನ ಆಡಳಿತದಿಂದಲೂ ಕಲಿಸುತ್ತದೆ ಎಂಬುದನ್ನು ಮರೆಯಬಾರದು.

೬

ಈ ಎರಡು ಮಾದರಿಗಳ ನೆರಳು ನಮ್ಮ ಪ್ರದೇಶದ ಮೇಲೂ ಬಿದ್ದಿದೆ. ೧೭೯೫ರಲ್ಲಿ ಹುಟ್ಟಿ, ಮುಖ್ಯವಾಗಿ ಕಾಂಗ್ರಿಗೇಷನಲ್ ಸಭೆಗಳ ಬೆಂಬಲದಿಂದ ಬೆಳೆದ ಲಂಡನ್ ಮಿಷನರಿ ಸೊಸೈಟಿ ೧೭೯೬ರಲ್ಲಿ ಒಂದು ಮೂಲತತ್ತ್ವವನ್ನು ಅಂಗೀಕರಿಸಿತು: ಯಾವುದೇ ನಿರ್ದಿಷ್ಟ ಸಭಾಡಳಿತ ಪದ್ಧತಿಯನ್ನು ಹೊರಗೆ ಕಳಿಸಕೂಡದು, ಅದರ ಆಯ್ಕೆ ಅಲ್ಲಿನ ವಿಶ್ವಾಸಿಗಳಿಗೆ ಬಿಟ್ಟದ್ದು. ಮಿಷನ್ ಚರಿತ್ರೆಗಳಲ್ಲಿ ಇದು ಉದಾರತೆಯ ಪತ್ರವೆಂದು ಪ್ರಶಂಸೆ ಪಡೆದಿದೆ. ಪ್ರಶಂಸೆ ಯುಕ್ತವೇ. ಆದರೆ ಆಯ್ಕೆಯ ಸ್ವಾತಂತ್ರ್ಯಕ್ಕೆ ಆಯ್ಕೆಗಳ ತಿಳಿವಳಿಕೆ ಬೇಕು. ೧೬೪೮ರಲ್ಲೂ ೧೬೫೮ರಲ್ಲೂ ಏನು ಚರ್ಚೆಯಾಯಿತೆಂದು ತಿಳಿಯದ ಸಭೆಗೆ ಆ ಸ್ವಾತಂತ್ರ್ಯ ಕೊಟ್ಟರೂ ಕೊಡದಂತೆಯೇ; ಪದ್ಧತಿಯನ್ನು ಹೇರದ ಮಿಷನರಿ ಪದ್ಧತಿಯಿಲ್ಲದ ಆ ಖಾಲಿ ಜಾಗದಲ್ಲಿ ತಾನೇ ಅಧಿಕಾರವಾಗಿಬಿಡಬಹುದು.

ಈ ಸೊಸೈಟಿಯ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ೧೯೫೩ರವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದುದರಿಂದ ಇದು ಇಂದಿನ ಗಡಿಯ ಎರಡೂ ಬದಿಗಳ ಚರಿತ್ರೆ. ಹ್ಯಾಂಡ್ಸ್‌ನ ಹೆಸರು ಕನ್ನಡ ಬೈಬಲಿನ ಭಾಷಾಂತರದೊಂದಿಗೆ, ಅವನ ಸಹೋದ್ಯೋಗಿ ವಿಲಿಯಂ ರೀವ್‌ನ ಹೆಸರು ೧೮೩೨ರ ಕನ್ನಡ-ಇಂಗ್ಲಿಷ್ ನಿಘಂಟಿನೊಂದಿಗೆ ಉಳಿದಿವೆ. ಕನ್ನಡ ಸಾಹಿತ್ಯ ಚರಿತ್ರೆಕಾರರು ಇವರನ್ನು ಭಾಷಾಸೇವಕರೆಂದು ನೆನೆಯುತ್ತಾರೆ. ಸಭಾಡಳಿತದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ: ಗ್ರಂಥ ಕನ್ನಡಕ್ಕೆ ಬಂದಂತೆ ಗ್ರಂಥದ ‘ಸಭೆ’ಯನ್ನು ನಡೆಸುವ ವಿದ್ಯೆಯೂ ಕನ್ನಡಕ್ಕೆ ಬಂದಿತೇ?

ಇದೇ ಪ್ರಶ್ನೆಯ ಇನ್ನೊಂದು ಮುಖ ಸೊಲ್ಲಾಪುರದ ಕಡೆಯಿಂದ ಕಾಣುತ್ತದೆ. ಕಾಂಗ್ರಿಗೇಷನಲ್ ಮೂಲದ ಅಮೆರಿಕನ್ ಬೋರ್ಡಿನ ಮಿಷನರಿಗಳು ೧೮೧೩ರಲ್ಲಿ ಮುಂಬಯಿಗೆ ಬಂದರು. ಅವರಲ್ಲಿ ಗಾರ್ಡನ್ ಹಾಲ್ ಮತ್ತು ಸ್ಯಾಮ್ಯುಯೆಲ್ ನಾಟ್ ಆಂಡೋವರ್‌ನಲ್ಲಿ ಕಲಿತವರು. ಆ ಮಿಷನ್ ೧೮೩೧ರಲ್ಲಿ ಅಹಮದ್‌ನಗರಕ್ಕೂ ಮುಂದೆ ಸೊಲ್ಲಾಪುರಕ್ಕೂ ಹಬ್ಬಿತು. ಬೋರ್ಡಿನ ಕಾರ್ಯದರ್ಶಿ ರೂಫಸ್ ಆಂಡರ್ಸನ್ ೧೮೫೪-೫೫ರಲ್ಲಿ ಭಾರತ ಮತ್ತು ಸಿಲೋನ್‌ಗೆ ಬಂದು ಹೋದ ಮೇಲೆ ನೀತಿ ಬದಲಾಯಿತು: ತನ್ನನ್ನು ತಾನೇ ಆಳುವ, ತನ್ನ ಖರ್ಚನ್ನು ತಾನೇ ಹೊರುವ, ತಾನೇ ಹಬ್ಬುವ ಸಭೆಗಳೇ ಗುರಿ, ಅವುಗಳಿಗೆ ಸ್ಥಳೀಯ ಪಾಲಕರು ಬೇಕು, ಅವರ ಶಿಕ್ಷಣ ದೇಶಭಾಷೆಯಲ್ಲಿ ನಡೆಯಬೇಕು. ಡಾಡ್ರಿಜ್‌ನ ತರ್ಕವೇ ಇಲ್ಲಿ ಇನ್ನೊಂದು ರೂಪದಲ್ಲಿ ಬಂದಂತಿದೆ. ಆದರೆ ಪರಿಣಾಮ ಅಷ್ಟು ಸರಳವಲ್ಲ. ಯಾಳ್ಪಾಣದ ಬಟ್ಟಿಕೋಟಾ ಸೆಮಿನರಿ ೧೮೫೫ರಲ್ಲಿ ಮುಚ್ಚಿತು; ಇಂಗ್ಲಿಷ್ ಶಿಕ್ಷಣ ಕೈತಪ್ಪಿದ್ದರಿಂದ ಅಲ್ಲಿನ ತಮಿಳರು ಅತೃಪ್ತರಾದರು; ೧೮೭೨ರಲ್ಲಿ ಯಾಳ್ಪಾಣ ಕಾಲೇಜು ಆರಂಭವಾದುದರ ಹಿಂದೆ ಆ ಒತ್ತಾಯವೂ ಇತ್ತು. ಡಾಡ್ರಿಜ್‌ನ ಇಂಗ್ಲಿಷ್ ಅವನ ಸಮುದಾಯ ತಾನೇ ಆರಿಸಿಕೊಂಡ ಭಾಷೆ. ಆಂಡರ್ಸನ್‌ನ ದೇಶಭಾಷೆ ದೂರದ ಬಾಸ್ಟನ್ನಿನ ಕಚೇರಿ ಇತರರಿಗಾಗಿ ಆರಿಸಿದ ಭಾಷೆ. ಸ್ವಯಮಾಡಳಿತವನ್ನು ಬೋಧಿಸುವ ನೀತಿಯನ್ನೇ ಸಭೆಗಳ ಒಪ್ಪಿಗೆ ಕೇಳದೆ ಜಾರಿಗೊಳಿಸಿದರೆ, ತಾಯ್ನುಡಿ ಗೌರವದ ಸಾಧನವಾಗುವ ಬದಲು ಮೇಲೇರದಂತೆ ತಡೆಯುವ ಗೆರೆಯಾಗಿ ಅನುಭವಕ್ಕೆ ಬರುತ್ತದೆ. ಭಾಷಾ ಅಲ್ಪಸಂಖ್ಯಾತರ ಶಾಲೆಗಳ ಬಗ್ಗೆ ಇಂದು ನಡೆಯುವ ವಾದಗಳನ್ನು ಬಲ್ಲವರಿಗೆ ಈ ಒಗಟು ಹೊಸದಲ್ಲ.

ದಕ್ಷಿಣ ಭಾರತದ ಕಾಂಗ್ರಿಗೇಷನಲ್ ಸಭೆಗಳು ೧೯೦೮ರಲ್ಲಿ ಪ್ರೆಸ್ಬಿಟೀರಿಯನ್ ಸಭೆಗಳೊಂದಿಗೆ ಸೇರಿ ದಕ್ಷಿಣ ಭಾರತ ಸಂಯುಕ್ತ ಸಭೆಯಾದವು. ೧೯೧೦ರಲ್ಲಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಹಲವು ಮಿಷನ್‌ಗಳ ಸಹಭಾಗದಲ್ಲಿ ತೆರೆಯಿತು. ೧೯೪೭ರ ಸೆಪ್ಟೆಂಬರ್ ೨೭ರಂದು ಬಿಷಪ್‌ಗಳಿರುವ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಅದರ ಸಂವಿಧಾನ ಕಾಂಗ್ರಿಗೇಷನಲ್, ಪ್ರೆಸ್ಬಿಟೀರಿಯನ್, ಎಪಿಸ್ಕೋಪಲ್ ಎಂಬ ಮೂರೂ ಅಂಶಗಳಿಗೆ ಸ್ಥಾನವಿದೆಯೆಂದು ಒಪ್ಪುತ್ತದೆ. ಮೂರರಲ್ಲಿ ಬಿಷಪ್‌ನ ಅಂಶ ಕಣ್ಣಿಗೆ ಕಾಣುತ್ತದೆ, ಹಿರಿಯರ ಅಂಶಕ್ಕೆ ಸಮಿತಿಗಳಿವೆ. ಕಾಂಗ್ರಿಗೇಷನಲ್ ಅಂಶ ಉಳಿಯಬೇಕಾದದ್ದು ಊರಿನ ಸಭೆಯ ವಾರ್ಷಿಕ ಕೂಟದಲ್ಲಿ, ಅಲ್ಲಿನ ಜನ ಆಡುವ ಭಾಷೆಯಲ್ಲಿ, ಅವರ ನಡಾವಳಿಯ ಪುಸ್ತಕದಲ್ಲಿ.

ಹಾಗಾಗಿ ಸಭಾಚರಿತ್ರೆ ಮತ್ತು ಸಭಾಡಳಿತವನ್ನು ಕಲಿಸುವ ತರಗತಿಗೆ ನನ್ನ ಸಲಹೆ ಸರಳವಾದದ್ದು. ವಾಕರನ ಸಂಕಲನದ ಪಕ್ಕದಲ್ಲಿ ಒಂದು ಸಭಾಪುಸ್ತಕವಿರಲಿ, ೧೭೦೫ರ ಪ್ರಸ್ತಾಪಗಳ ಪಕ್ಕದಲ್ಲಿ ವೈಸ್ ಇರಲಿ, ಒಂಬತ್ತನೆಯ ಅಧ್ಯಾಯದ ಪಕ್ಕದಲ್ಲಿ ಸೌತ್ ಬಟ್ಲರ್ ಇರಲಿ. ನಮ್ಮ ಕಡೆಯ ವಿದ್ಯಾರ್ಥಿಗಳು ತಮ್ಮ ಊರಿನ ಸಭೆಯ ಹಳೆಯ ನಡಾವಳಿಯನ್ನು, ಅದು ಕನ್ನಡದಲ್ಲಿರಲಿ, ತೆಲುಗು ಮರಾಠಿಗಳಲ್ಲಿರಲಿ, ಪಠ್ಯವೆಂದು ಓದಿ, ಒಂದು ವಿವಾದ ಹೇಗೆ ಆರಂಭವಾಗಿ ಹೇಗೆ ಮುಗಿಯಿತೆಂದು ಬರೆಯಲಿ. ಸೋತವರ ವಾದವನ್ನು ಅವರ ಮಾತಿನಲ್ಲೇ ಮತ್ತೆ ನಿಲ್ಲಿಸಿ ನೋಡಲಿ. ಗೆದ್ದುಲು ಹಿಡಿಯುವ ಮುನ್ನ ಇಂಥ ಪುಸ್ತಕಗಳನ್ನು ಹುಡುಕಿ ಪ್ರತಿಮಾಡಿ ಇಡುವ ಕೆಲಸ ದೇವತಾಶಾಸ್ತ್ರದ ಕಾಲೇಜುಗಳದಷ್ಟೇ ಅಲ್ಲ, ಗಡಿನಾಡಿನ ಭಾಷಾಸಂಶೋಧಕರದೂ ಆಗಿದೆ.